ಡೆಸಿಕೇಟರಿನಲ್ಲಿಟ್ಟ ಏಲಕ್ಕಿ

ಕೋವಿಡ್ ಕಳೆದ ಮೇಲಿನ ಎರಡನೆಯ ಮಳೆಗಾಲ. ನಾನಾಗ ಕೊಡಗಿನ ಸುಂಟಿಕೊಪ್ಪದ ಹತ್ತಿರ ಗುಡ್ಡದ ಮೇಲಿರುವ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ಎರಡನೆಯದೋ ಮೂರನೆಯದೋ ಎಂದು ಗಟ್ಟಿಯಾಗಿ ಕೇಳಿದರೆ ಆಣೆ ಇಟ್ಟು ಹೇಳಲಾರೆ. ಈ ಬರಹದಲ್ಲಿ ಇಂಥ ಅನುಮಾನಗಳು ಇನ್ನೂ ಬರುತ್ತವೆ, ಓದುಗರು ಸೈರಿಸಿಕೊಳ್ಳಬೇಕು. ಅನುಮಾನ ಪಡುವುದೇ ನನಗೆ ಸಂಬಳ ಕೊಟ್ಟ ಕೆಲಸ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ‘ಮತ್ತೊಮ್ಮೆ ಮಾಡಿ’ ಎಂದು ಕರೆಯುತ್ತಿದ್ದರು. ಯಾವ ಫಲಿತಾಂಶ ತಂದು ತೋರಿಸಿದರೂ ನನ್ನ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದು.

ಆ ವರ್ಷ ನನ್ನ ಬಳಿ ಪಿಎಚ್‌ಡಿ ಮಾಡುತ್ತಿದ್ದವಳು ಚೈತ್ರಾ. ಸುಂಟಿಕೊಪ್ಪದ ಹುಡುಗಿ. ತಂದೆ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಕೂಲಿಯಾಳುಗಳ ಹಾಜರಿ ಮತ್ತು ಕಾಫಿಹಣ್ಣಿನ ಪಿಕ್ಕಿಂಗ್ ಲೆಕ್ಕ ನೋಡಿಕೊಳ್ಳುವವರು. ಅವಳ ಕೆಲಸ ಟರ್ಬಿಯಮ್ ಎಂಬ ರೇರ್ ಅರ್ಥ್ ಲೋಹದಿಂದ ಮಾಫ್ ತಯಾರಿಸುವುದು. ಮಾಫ್ ಎಂದರೆ ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್. ಚಪ್ಪರ ಹಾಕುವಾಗ ಗಳುಗಳನ್ನು ಅಲ್ಲಲ್ಲಿ ಸೇರಿಸಿ ಗಂಟು ಹಾಕುತ್ತೇವಲ್ಲ, ಹಾಗೆ. ಗಂಟಿನ ಜಾಗದಲ್ಲಿ ಲೋಹ, ಗಳುವಿನ ಜಾಗದಲ್ಲಿ ಉದ್ದನೆಯ ಸಾವಯವ ಆಮ್ಲದ ಅಣು. ಇದು ಎಲ್ಲ ದಿಕ್ಕಿಗೂ ಹಬ್ಬಿ ಹರಳಾಗುತ್ತದೆ. ಗಳುಗಳ ನಡುವೆ ಉಳಿಯುವ ಖಾಲಿ ಜಾಗವೇ ಅದರ ಬೆಲೆ. ಒಂದೊಂದು ರಂಧ್ರ ಒಂದು ನ್ಯಾನೊಮೀಟರಿನ ಸುತ್ತಮುತ್ತ. ಕಣ್ಣಿಗೆ ಸಣ್ಣ ರವೆಯಂತೆ ಕಾಣುವ ಒಂದು ಚಿಟಿಕೆ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಕ್ಕಣೆ ಮಾಡುವ ಒಂದು ದೊಡ್ಡ ಕಣವೇ ಮುಚ್ಚೀತು.

ತಯಾರಿಸುವ ಕ್ರಮ ಹೇಳಲು ಸುಲಭ. ಟರ್ಬಿಯಮ್ ನೈಟ್ರೇಟನ್ನೂ ಆಮ್ಲವನ್ನೂ ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಒಳಗೆ ಟೆಫ್ಲಾನ್ ಇರುವ, ಆಟೋಕ್ಲೇವ್ ಎಂಬ ಉಕ್ಕಿನ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಕೆಲವು ದಿನ ಓವನ್ನಿನಲ್ಲಿಡುವುದು. ತಣಿದ ಮೇಲೆ ತೆರೆದರೆ ತಳದಲ್ಲಿ ಹರಳು. ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದರೆ ಎಳೆ ಬಾಳೆಯೆಲೆಯ ಹಸಿರಿನಲ್ಲಿ ಹೊಳೆಯುತ್ತದೆ. ಆದರೆ ಆಗ ಅದರ ರಂಧ್ರಗಳ ತುಂಬ ದ್ರಾವಕವೇ ಕೂತಿರುತ್ತದೆ. ಹಳೆಯ ಬಾಡಿಗೆದಾರನನ್ನು ಎಬ್ಬಿಸಿದ ಹಾಗೆ ಅದನ್ನು ಹೊರಡಿಸಬೇಕು. ಮೊದಲು ಮೆಥನಾಲಿನಲ್ಲಿ ನೆನೆಸಿ ನೆನೆಸಿ ಡಿಎಂಎಫ್‌ನ ಜಾಗಕ್ಕೆ ಮೆಥನಾಲ್ ತರುವುದು, ಆಮೇಲೆ ನಿರ್ವಾತದಲ್ಲಿ ಮೆಲ್ಲಗೆ ಬಿಸಿ ಮಾಡಿ ಮೆಥನಾಲನ್ನೂ ಓಡಿಸುವುದು. ಇದಕ್ಕೆ ಆಕ್ಟಿವೇಶನ್ ಎನ್ನುತ್ತೇವೆ. ಅವಸರ ಮಾಡಿದರೆ ಚಪ್ಪರವೇ ಕುಸಿಯುತ್ತದೆ.

ಹರಳು ನೆಟ್ಟಗಿದೆಯೇ ಎಂದು ನೋಡಲು ಎಕ್ಸ್‌ರೇ ಡಿಫ್ರಾಕ್ಷನ್ ಸಾಕು. ಹಳೆಯದಾದರೂ ಒಂದು ಯಂತ್ರ ನಮ್ಮಲ್ಲಿತ್ತು. ಒಳಗೆ ನಿಜವಾಗಿ ಖಾಲಿಯಿದೆಯೇ ಎಂದು ತಿಳಿಯಬೇಕಾದರೆ ಮಾತ್ರ ದ್ರವ ಸಾರಜನಕದ ತಂಪಿನಲ್ಲಿ ಪುಡಿಗೆ ಸಾರಜನಕದ ಅನಿಲ ಉಣಿಸಿ, ಎಷ್ಟು ಉಂಡಿತೆಂದು ಅಳೆಯಬೇಕು. ಅದರಿಂದ ಬರುವ ಅಂಕಿಯೇ ಬಿಇಟಿ ಸರ್ಫೇಸ್ ಏರಿಯಾ, ಅಂದರೆ ಒಳಗೋಡೆಗಳ ಒಟ್ಟು ವಿಸ್ತೀರ್ಣ. ಆ ಯಂತ್ರ ನಮ್ಮಲ್ಲಿರಲಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಗಿರೀಶ್ ಎಂಬ ಟೆಕ್ನಿಕಲ್ ಆಫೀಸರ್.

ಮಾರ್ಚ್ ತಿಂಗಳಲ್ಲಿ ಕೊರಿಯರಿನಲ್ಲಿ ಕಳಿಸಿದ ಮೊದಲ ಮಾದರಿಗೆ ಗ್ರಾಮಿಗೆ ಸಾವಿರ ಚದರ ಮೀಟರಿನ ಹತ್ತಿರ ಬಂತು. ಚೈತ್ರಾ ಇಡೀ ವಿಭಾಗಕ್ಕೆ ಹೋಳಿಗೆ ತಂದು ಹಂಚಿದಳು. ನಾನು ಹೋಳಿಗೆ ತಿಂದು, ‘ಮತ್ತೊಮ್ಮೆ ಮಾಡಿ’ ಎಂದೆ. ಒಂದೇ ಮಾದರಿಯ ಮೇಲೆ ಅಧ್ಯಾಯ ಕಟ್ಟುವಂತಿಲ್ಲ, ಬೇರೆ ಬೇರೆ ಬ್ಯಾಚುಗಳಲ್ಲಿ ಅದೇ ಅಂಕಿ ಬರಬೇಕು. ಆಗಸ್ಟಿನ ಕೊನೆಗೆ ಅವಳ ಕೊಲೋಕ್ವಿಯಂ. ಪ್ರಬಂಧ ಸಲ್ಲಿಸುವ ಮೊದಲು ಸಮಿತಿಯ ಎದುರು ನಿಂತು ಎಲ್ಲವನ್ನೂ ಒಪ್ಪಿಸುವ ಸಭೆ ಅದು. ವಿಸ್ತರಣೆಯ ಅವಧಿಯೆಲ್ಲ ಮುಗಿದಿತ್ತು. ಈ ಅಧ್ಯಾಯ ನಿಲ್ಲದಿದ್ದರೆ ಪ್ರಬಂಧ ನಿಲ್ಲುತ್ತಿರಲಿಲ್ಲ. ಪ್ರಬಂಧ ಸಲ್ಲಿಸದಿದ್ದರೆ ವಿರಾಜಪೇಟೆಯ ಕಾಲೇಜಿನಲ್ಲಿ ಅವಳಿಗೆಂದು ಹೆಚ್ಚುಕಡಿಮೆ ಮಾತಾಗಿದ್ದ ಕೆಲಸವೂ ಇಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಕೊರಿಯರ್ ನಂಬುವ ಹಾಗಿರಲಿಲ್ಲ, ರಸ್ತೆ ಕುಸಿದರೆ ಪಾರ್ಸೆಲ್ ಎಲ್ಲಿ ಕೊಳೆಯುತ್ತದೋ ಯಾರಿಗೆ ಗೊತ್ತು. ಹಾಗಾಗಿ ಜೂನಿನಿಂದ ಮಾದರಿಗಳನ್ನು ಬಸ್ಸಿನಲ್ಲಿ ಕೈಯಲ್ಲೇ ಒಯ್ಯತೊಡಗಿದೆವು. ಒಮ್ಮೆ ನಾನು, ಒಮ್ಮೆ ಚೈತ್ರಾ. ಕೈಯಲ್ಲಿ ಒಯ್ಯುವುದೆಂದ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆ? ಕೊಡಗಿನಿಂದ ಯಾರ ಮನೆಗೆ ಹೋದರೂ ಕಾಫಿಪುಡಿಯೋ ಕರಿಮೆಣಸೋ ಏಲಕ್ಕಿಯೋ ಒಂದು ಪೊಟ್ಟಣ ಚೀಲದಲ್ಲಿ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಏಲಕ್ಕಿಗೆ ಬರವಿರಲಿಲ್ಲ. ನನ್ನ ಹೆಂಡತಿ ಸುಮಾಳ ಅಕ್ಕ ಕಕ್ಕಬೆಯಲ್ಲಿ ಟೀಚರಾಗಿದ್ದು, ಅಲ್ಲಿನ ತೋಟದವರು ಅವರಿಗೆ ಕೊಟ್ಟದ್ದರಲ್ಲಿ ಅರ್ಧ ನಮ್ಮ ಡಬ್ಬಿಗೆ ಬರುತ್ತಿತ್ತು.

‘ಮರ್ಯಾದೆಗೆ ಒಂದು ಪೊಟ್ಟಣ’ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಮರ್ಯಾದೆಯ ಜೊತೆ ಬೇರೆಯದೂ ಇತ್ತು. ಗಿರೀಶರ ಯಂತ್ರದ ಮುಂದೆ ಐದಾರು ಕಾಲೇಜುಗಳ ಮಾದರಿಗಳು ಸಾಲಿನಲ್ಲಿ ಕಾಯುತ್ತಿದ್ದವು. ಮೊದಲ ಸಲ ಪೊಟ್ಟಣ ಚಾಚಿದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, ಡ್ರಾಯರಿನಲ್ಲಿಟ್ಟರು. ಎಷ್ಟೋ ವರ್ಷ ಪಾಠ ಮಾಡಿದ ನಾನು ಶಾಲೆಯ ಬಾಗಿಲಲ್ಲಿ ನಿಂತ ಪೋಷಕನ ಹಾಗೆ, ‘ನಮ್ಮ ಕಡೆಯದು, ತುಂಬಾ ಘಮ’ ಎಂದೇನೋ ತೊದಲಿದೆ. ಆ ತೊದಲು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಜೂನಿನ ಮಾದರಿಗೆ ಇನ್ನೂರರ ಆಸುಪಾಸು ಬಂತು. ಜುಲೈಯದಕ್ಕೆ ಅದಕ್ಕಿಂತ ಕಡಿಮೆ.

ಮೊದಲು ತೇವಾಂಶದ ಮೇಲೆ ಅನುಮಾನ ಬಿತ್ತು. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಆದರೆ ಎಕ್ಸ್‌ರೇ ನೋಡಿದರೆ ಗೆರೆಗಳೆಲ್ಲ ಮಾರ್ಚಿನ ಹಾಗೆಯೇ ಇದ್ದವು. ಚಪ್ಪರ ಕುಸಿದಿರಲಿಲ್ಲ. ದೀಪದ ಕೆಳಗೆ ಅದೇ ಹಸಿರು. ಗೋಡೆ ನೆಟ್ಟಗಿದೆ, ಬಾಗಿಲು ಮಾತ್ರ ಮುಚ್ಚಿದೆ. ಬಳಿಕ ನಾನು ಯಂತ್ರವನ್ನು ಅನುಮಾನಿಸಿದೆ. ಗಿರೀಶರು ಬೇಸರಿಸದೆ ತಮ್ಮ ಪ್ರಮಾಣಿತ ಪುಡಿಯನ್ನು ಓಡಿಸಿ, ಯಂತ್ರ ಸರಿಯಿದೆಯೆಂದು ತೋರಿಸಿದರು. ಉಳಿದದ್ದು ಚೈತ್ರಾಳ ಕೈ. ಬಾಯಿಬಿಟ್ಟು ಹೇಳದಿದ್ದರೂ ನಾನು ಹಾಗೆ ಅಂದುಕೊಂಡಿದ್ದೇನೆಂದು ಅವಳಿಗೆ ಗೊತ್ತಾಗಿತ್ತು.

‘ಸಾರ್, ಮಾರ್ಚಿನ ನಂಬರೇ ಸುಳ್ಳಿರಬಹುದಾ?’ ಎಂದು ಒಂದು ದಿನ ಅವಳೇ ಕೇಳಿದಳು.

‘ಇರಬಹುದು.’

‘ಹಂಗಾದ್ರೆ ಈ ಚಾಪ್ಟರ್ ಬಿಟ್ಟುಬಿಡೋದಾ?’

‘ಇನ್ನೊಂದು ಬ್ಯಾಚ್ ನೋಡೋಣಮ್ಮ. ಬರದಿದ್ರೆ ಬಿಡಲೇಬೇಕಾಗುತ್ತೆ.’

ಅವಳು ಅಳಲಿಲ್ಲ. ‘ನಮ್ಮಪ್ಪ ಆಗಲೇ ವಿರಾಜಪೇಟೆಯಲ್ಲಿ ರೂಮು ನೋಡ್ಕೊಂಡು ಬಂದಿದಾರೆ ಸಾರ್’ ಎಂದಳು. ಅಷ್ಟೇ ಹೇಳಿ ಆಟೋಕ್ಲೇವ್ ತೊಳೆಯಲು ಹೋದಳು.

ಈಗ ಡೆಸಿಕೇಟರಿನ ವಿಷಯ ಹೇಳಬೇಕು. ಡೆಸಿಕೇಟರ್ ಎಂದರೆ ಗಾಜಿನ ಬಾಗಿಲಿನ, ಗಾಳಿಯಾಡದ ಕಪಾಟು. ಕೆಳಗಿನ ತಟ್ಟೆಯಲ್ಲಿ ಸಿಲಿಕಾ ಜೆಲ್ ಹಾಕಿರುತ್ತೇವೆ. ಅದು ಒಳಗಿನ ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಮಾದರಿಗಳು ಒಣಗಿರಲಿ ಎಂದು ಪ್ರತಿ ಲ್ಯಾಬಿನಲ್ಲೂ ಇರುವ ಸಾಮಾನ್ಯ ವಸ್ತು. ಕೊಡಗಿನ ಮಳೆಗಾಲದಲ್ಲಿ ಅದು ಸಾಮಾನ್ಯ ವಸ್ತುವಲ್ಲ. ಇಡೀ ಕಟ್ಟಡದಲ್ಲಿ ಒಣಗಿರುವ ಜಾಗ ಅದೊಂದೇ. ಜೂನ್ ಬಂತೆಂದರೆ ಸಿಬ್ಬಂದಿಯೆಲ್ಲ ಒಬ್ಬೊಬ್ಬರಾಗಿ ಬಂದು ‘ಸಾರ್, ಒಂದು ಮೂಲೆ’ ಎನ್ನುತ್ತಿದ್ದರು. ಕ್ಲರ್ಕಿನ ಕ್ಯಾಮೆರಾ, ಗಣಿತದ ಮೇಷ್ಟ್ರ ಕಿವಿಯ ಯಂತ್ರ, ಹಾಸ್ಟೆಲಿನ ಅಡುಗೆಯವರ ಬೆಂಕಿಪೊಟ್ಟಣಗಳು, ಒಮ್ಮೆ ಯಾರದೋ ಮದುವೆಯ ಆಲ್ಬಮ್. ನನಗಿಂತ ಮೊದಲಿದ್ದ ಪ್ರಾಧ್ಯಾಪಕರ ಕಾಲದಿಂದಲೂ ನಡೆದು ಬಂದದ್ದು. ಬೇಡವೆಂದರೆ ಮನುಷ್ಯತ್ವವಿಲ್ಲದವನಾಗುತ್ತಿದ್ದೆ. ಮೇಲಿನ ಅರೆ ಮಾದರಿಗಳಿಗೆ, ಕೆಳಗಿನದು ಊರಿನವರಿಗೆ ಎಂದು ಒಂದು ಅಲಿಖಿತ ಒಪ್ಪಂದವಿತ್ತು.

ಆಕ್ಟಿವೇಶನ್ ಆದ ಪುಡಿಯನ್ನು ಚೈತ್ರಾ ಸಣ್ಣ ಬಾಟಲಿಗೆ ಹಾಕಿ, ಉಳಿದ ಮೆಥನಾಲ್ ಇದ್ದರೆ ಅದೂ ಹೋಗಲಿ ಎಂದು ಬಾಯಿಗೆ ಟಿಶ್ಯೂ ಕಾಗದ ಮಾತ್ರ ಕಟ್ಟಿ, ಬೆಂಗಳೂರಿಗೆ ಹೋಗುವ ದಿನದವರೆಗೆ ಮೇಲಿನ ಅರೆಯಲ್ಲಿ ಇಡುತ್ತಿದ್ದಳು. ಹೊರಡುವಾಗಷ್ಟೇ ಮುಚ್ಚಳ.

ಆಗಸ್ಟಿನ ಮೊದಲ ವಾರವಿರಬೇಕು. ಗಿರೀಶರು ಹಿಂತಿರುಗಿಸಿದ ಜುಲೈಯ ಪುಡಿ ನನ್ನ ಮೇಜಿನ ಮೇಲಿತ್ತು. ಅವರ ಯಂತ್ರದಲ್ಲಿ ಅಳೆಯುವ ಮೊದಲು ಮಾದರಿಯನ್ನು ಇನ್ನೊಮ್ಮೆ ನಿರ್ವಾತದಲ್ಲಿ ಬಿಸಿ ಮಾಡುತ್ತಾರೆ. ಹರಳು ಕುಸಿದೀತೆಂಬ ಹೆದರಿಕೆಯಿಂದ ಎಂಬತ್ತು ಡಿಗ್ರಿ ದಾಟಿಸಬೇಡಿ ಎಂದು ನಾವೇ ಹೇಳಿದ್ದೆವು. ಹೇಗೂ ಕೆಟ್ಟ ಪುಡಿ, ಇದು ಎಷ್ಟು ತಡೆಯುತ್ತದೋ ನೋಡೋಣವೆಂದು ಅದನ್ನು ನಮ್ಮ ವ್ಯಾಕ್ಯೂಮ್ ಓವನ್ನಿಗೆ ಹಾಕಿ ನೂರೈವತ್ತಕ್ಕೆ ಏರಿಸಿದೆ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಪಂಪಿನ ಹತ್ತಿರ ಪಾಯಸದ ವಾಸನೆ.

ನಾನು ಮೂಗನ್ನು ನಂಬುವವನಲ್ಲ. ಊಟಕ್ಕೆ ಏನಿತ್ತೆಂದು ನೆನಪಿಸಿಕೊಂಡೆ. ಅಂಗಿಯ ತೋಳು ಮೂಸಿದೆ. ಅಷ್ಟರಲ್ಲಿ ಚೈತ್ರಾ ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

‘ಸಾರ್, ಯಾರು ಲ್ಯಾಬಲ್ಲಿ ಪಾಯಸ ಮಾಡ್ತಿರೋದು?’

ನಾವಿಬ್ಬರೂ ಒಂದೇ ಸಲ ಡೆಸಿಕೇಟರಿನ ಕಡೆ ತಿರುಗಿದೆವು. ಬಾಗಿಲು ತೆರೆದದ್ದು ಅವಳೋ ನಾನೋ ಗೊತ್ತಿಲ್ಲ. ತೆರೆದೊಡನೆ ಘಮ ಮುಖಕ್ಕೆ ಬಡಿಯಿತು. ಕೆಳಗಿನ ಅರೆಯಲ್ಲಿ ಕ್ಯಾಮೆರಾದ ಪಕ್ಕದಲ್ಲಿ, ಮುಂದಿನ ಬೆಂಗಳೂರು ಪ್ರಯಾಣಕ್ಕೆಂದು, ಬಿಳಿ ಬಟ್ಟೆಯ ಒಂದು ಗಂಟು. ಮಳೆಗಾಲದಲ್ಲಿ ಏಲಕ್ಕಿ ಮೆತ್ತಗಾಗುತ್ತದೆ. ಮೆತ್ತಗಾದ ಏಲಕ್ಕಿಯನ್ನು ಉಡುಗೊರೆ ಕೊಡುವುದು ನಮ್ಮ ಕಡೆ ಅವಮಾನ. ಗರಿಗರಿಯಾಗಿರಲಿ ಎಂದು ಯಾರೋ ಅದನ್ನು ಅಲ್ಲಿಟ್ಟಿದ್ದರು, ಜೂನ್ ಜುಲೈಗಳಲ್ಲೂ ಹೀಗೆಯೇ ಇಟ್ಟಿರಬೇಕು. ಮೇಲಿನ ಅರೆಯಲ್ಲಿ ಟಿಶ್ಯೂ ಕಟ್ಟಿದ ಬಾಟಲಿಗಳು, ಒಳಗೆ ಕಷ್ಟಪಟ್ಟು ಖಾಲಿ ಮಾಡಿದ ಕೋಟ್ಯಂತರ ಕೋಣೆಗಳು. ಮುಚ್ಚಿದ ಕಪಾಟಿನಲ್ಲಿ ದಿನಗಟ್ಟಲೆ ಏಲಕ್ಕಿಯ ಎಣ್ಣೆಯ ಆವಿ. ಖಾಲಿ ರಂಧ್ರಕ್ಕೆ ಯಾರು ಬಂದರೂ ಆಗುತ್ತದೆ.

‘ಯಾರು ಇಟ್ಟದ್ದು ಇದನ್ನ?’ ಎಂದೆ.

ಚೈತ್ರಾ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. ‘ಯಾರಾದ್ರೇನು ಸಾರ್, ಮೊದ್ಲು ತೆಗೆಯೋಣ’ ಎಂದಳು.

ವಾಸನೆ ಪುರಾವೆಯಲ್ಲ. ಹೊಸ ಬ್ಯಾಚನ್ನು ಎರಡು ಪಾಲು ಮಾಡಿದೆವು. ಒಂದನ್ನು ಬೇರೆ ಪುಟ್ಟ ಡೆಸಿಕೇಟರಿನಲ್ಲಿ ಒಂಟಿಯಾಗಿ, ಇನ್ನೊಂದನ್ನು ಬೇಕೆಂದೇ ಏಲಕ್ಕಿಯ ಜೊತೆ ಇಟ್ಟೆವು. ಜೂನಿನ ಕೆಟ್ಟುಹೋದ ಪುಡಿಯಲ್ಲಿ ಸ್ವಲ್ಪವನ್ನು ಮೆಥನಾಲಿನಲ್ಲಿ ನೆನೆಸಿ, ಆ ದ್ರವವನ್ನು ಗೆಳೆಯನೊಬ್ಬನ ಲ್ಯಾಬಿಗೆ ಕಳಿಸಿದೆವು. ಮಿಶ್ರಣದಲ್ಲಿರುವುದನ್ನು ಬಿಡಿಬಿಡಿಯಾಗಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಅಲ್ಲಿತ್ತು. ಅವನು ಫೋನಿನಲ್ಲಿ ನಗು ತಡೆಯಲಾರದೆ, ‘ಏನಯ್ಯಾ, ಟರ್ಬಿಯಮ್ ಅಂತ ಬರೆದು ಏಲಕ್ಕಿ ಕಳಿಸಿದೀಯಲ್ಲ!’ ಎಂದ. ಏಲಕ್ಕಿಯ ಘಮಕ್ಕೆ ಕಾರಣವಾದ ಎರಡು ಮುಖ್ಯ ಪದಾರ್ಥಗಳೂ ಅದರಲ್ಲಿ ಇದ್ದವು.

ಎರಡು ಪಾಲುಗಳನ್ನೂ ಬಿಸಿ ಮಾಡಿದ ಜುಲೈಯ ಪುಡಿಯನ್ನೂ ಬೆಂಗಳೂರಿಗೆ ಒಯ್ದದ್ದು ನಾನು. ಅಂದು ಚೀಲದಲ್ಲಿ ಪೊಟ್ಟಣವಿರಲಿಲ್ಲ. ಎಲ್ಲವನ್ನೂ ಗಿರೀಶರಿಗೆ ಹೇಳಬೇಕಾಯಿತು. ಹೇಳಿ ಮುಗಿಸುವಾಗ ನಾನು ನೆಲ ನೋಡುತ್ತಿದ್ದೆ. ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

‘ಸಾರ್, ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ’ ಎಂದರು. ‘ನನ್ಗೆ ಏಲಕ್ಕಿ ಆಗಲ್ಲ, ತಲೆನೋವು ಬರುತ್ತೆ. ನೀವ್ ತಂದಿದ್ದೆಲ್ಲ ಇಲ್ಲಿ ಟೀಗೆ ಹಾಕೊಂಡು ಕುಡೀತಾರೆ. ಕೊಡ್ದೇ ಇದ್ರೂ ನಿಮ್ ಸ್ಯಾಂಪಲ್ ನಿಮ್ ಸರದಿಗೇ ಹಾಕ್ತಿದ್ದೆ. ಕೊಟ್ಟಾಗ್ಲೂ ಸರದಿಗೇ ಹಾಕಿದೀನಿ, ಬೇಕಾದ್ರೆ ನೋಡ್ಕೊಳ್ಳಿ.’

‘ಮತ್ತೆ ಮೊದಲ ದಿನವೇ ಹೇಳಬಾರದಿತ್ತೇ?’

‘ಹೆಂಗ್ ಹೇಳೋದು ಸಾರ್? ಅಷ್ಟ್ ದೂರದಿಂದ ತಂದಿದೀರಾ, ದೊಡ್ಡೋರು. ಇಲ್ಲಿ ಹುಡುಗ್ರು ನಿಮ್ ಸೆಂಟರ್‌ಗೆ ಒಂದ್ ಹೆಸರೇ ಇಟ್ಟಿದಾರೆ. ಏಲಕ್ಕಿ ಪಾರ್ಟಿ ಅಂತ.’

ಆ ಕೋಣೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಹೇಗೆ ಬಂದೆನೋ ತಿಳಿಯದು. ಪೊಟ್ಟಣ ಕೊಟ್ಟು ಕೊಳ್ಳಬೇಕೆಂದುಕೊಂಡಿದ್ದ ಸರದಿಯನ್ನು ನಾವು ಕೊಳ್ಳಲಿಲ್ಲ, ಕೊಳ್ಳುವ ಅಗತ್ಯವೂ ಇರಲಿಲ್ಲ, ಕೆಡಿಸಿದ್ದು ಮಾತ್ರ ನಮ್ಮದೇ ಪುಡಿಯನ್ನು. ಆ ಹುಡುಗರು ನಗುವುದು ಚೈತ್ರಾಳನ್ನೂ ಸೇರಿಸಿಯೇ ಅಲ್ಲವೇ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಅವಳು ಆ ಡ್ರಾಯರಿನ ಮುಂದೆ ಪೊಟ್ಟಣ ಹಿಡಿದು ನಿಂತಾಗ ಅವಳ ಮುಖ ಹೇಗಿತ್ತೋ ನಾನು ಕೇಳಿರಲೇ ಇಲ್ಲ.

ಫಲಿತಾಂಶ ಕೊಲೋಕ್ವಿಯಂಗೆ ಮುಂಚೆ ಬಂತು. ಒಂಟಿಯಾಗಿಟ್ಟ ಪಾಲು ಮಾರ್ಚಿನ ಅಂಕಿಯ ಹತ್ತಿರಕ್ಕೆ ನಿಂತಿತು. ಏಲಕ್ಕಿಯ ಪಾಲು ಕೆಳಗೇ ಬಿದ್ದಿತ್ತು. ಜುಲೈಯ ಕೆಟ್ಟ ಪುಡಿಯೂ ನೂರೈವತ್ತು ಡಿಗ್ರಿಯ ಬಳಿಕ ಬಹುಪಾಲು ಚೇತರಿಸಿಕೊಂಡಿತ್ತು. ಹರಳು ಅಷ್ಟು ಬಿಸಿ ತಡೆಯುತ್ತದೆಂದು ನಮಗೆ ತಿಳಿದದ್ದೂ ಈ ಅವಾಂತರದಿಂದಲೇ. ನಾನು ಚೈತ್ರಾಳಿಗೆ ಹೇಳಿದೆ, ‘ಸರಿಯಾದ ಕರ್ವ್‌ಗಳನ್ನಷ್ಟೇ ತೋರಿಸಿದರೂ ಸುಳ್ಳಾಗೋದಿಲ್ಲ. ಶೇಖರಣೆಯಲ್ಲಿ ಕಲುಷಿತವಾದ ಮಾದರಿಗಳನ್ನು ಕೈಬಿಟ್ಟಿದೆ ಅಂತ ಒಂದು ಸಾಲು ಸಾಕು.’

‘ಏನಿಂದ ಕಲುಷಿತ ಅಂತ ಕೇಳಿದ್ರೆ ಸಾರ್?’

ಕೊಲೋಕ್ವಿಯಂನ ದಿನ ಅವಳು ಎಲ್ಲವನ್ನೂ ತೋರಿಸಿದಳು. ಪರದೆಯ ಮೇಲೆ ಮಾರ್ಚ್, ಜೂನ್, ಜುಲೈ, ಆಗಸ್ಟ್. ಕೊನೆಗೆ ಡೆಸಿಕೇಟರಿನ ಫೋಟೊ, ಗಂಟಿನ ಸಮೇತ. ಹೊರಗಿನಿಂದ ಬಂದ ಸಮಿತಿಯ ಸದಸ್ಯರು, ವಯಸ್ಸಾದವರು, ಕನ್ನಡಕ ಮೇಲೆತ್ತಿ ಕೇಳಿದರು: ‘ಅದೆಲ್ಲ ಸರಿಯಮ್ಮಾ, ಏಲಕ್ಕಿ ಯಾರದು?’

‘ಲ್ಯಾಬಿಂದು ಸಾರ್’ ಎಂದಳು ಚೈತ್ರಾ.

ಸಭೆ ಗೊಳ್ಳೆಂದು ನಕ್ಕಿತು. ಇಲ್ಲಿಂದ ಮುಂದಿನದನ್ನು ನಾನು ನಂಬಲಾರೆ. ನನ್ನ ನೆನಪಿನಲ್ಲಿ ನಾನೂ ಎಲ್ಲರ ಜೊತೆ ನಕ್ಕೆ, ನೀರಿನ ಬಾಟಲಿ ಎತ್ತಿ ಕುಡಿದೆ, ಸುಮ್ಮನಿದ್ದೆ. ಗಂಟು ನಮ್ಮ ಮನೆಯದೆಂದೂ ಅದನ್ನಿಟ್ಟವನು ನಾನೇ ಎಂದೂ ಆಗ ನನಗೆ ಅನ್ನಿಸಿತ್ತು. ಆದರೂ ಬಾಯಿ ಬರಲಿಲ್ಲ. ಸಮಿತಿ ಅಧ್ಯಾಯವನ್ನು ಒಪ್ಪಿಕೊಂಡಿತು. ವೃದ್ಧರು ಹೊರಡುವಾಗ ನನ್ನ ಕೈ ಕುಲುಕಿ, ‘ಪ್ರಾಮಾಣಿಕವಾಗಿ ಬೆಳೆಸಿದೀರಿ ಹುಡುಗೀನ’ ಎಂದರು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಹೋದ ವರ್ಷ ಕೆಲಸದ ಮೇಲೆ ವಿರಾಜಪೇಟೆಗೆ ಹೋದಾಗ ಚೈತ್ರಾಳ ಕಾಲೇಜಿಗೆ ಹೋಗಿದ್ದೆ. ಈಗ ಅವಳೇ ಅಲ್ಲಿ ಮೇಡಂ. ಕ್ಯಾಂಟೀನಿನಲ್ಲಿ ಕೂತು, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ, ಆ ಗಂಟು ಯಾರದೆಂದು.

‘ನಮ್ಮಪ್ಪ ಕೊಟ್ಟದ್ದು ಸಾರ್ ಅದು. ಬಟ್ಟೆ ನಮ್ಮಮ್ಮಂದು. ನಾನೇ ಇಟ್ಟಿದ್ದೆ’ ಎಂದಳು.

‘ಇಲ್ಲಮ್ಮ, ಸುಮಾ ಕಟ್ಟಿಕೊಟ್ಟದ್ದು. ನಾನು ಇಟ್ಟದ್ದು.’

‘ಅದಕ್ಕೇ ಅಲ್ವಾ ಸಾರ್ ಅವತ್ತು ನೀವು ಎದ್ದು ನಿಂತು, ಏಲಕ್ಕಿ ನಂದು ಅಂದದ್ದು? ನನ್ನ ಉಳಿಸೋಕೆ ಹೇಳಿದ್ರಿ ಅಂದ್ಕೊಂಡೆ ನಾನು. ಇವತ್ತಿಗೂ ನಮ್ಮಪ್ಪ ಹೇಳ್ತಾರೆ, ಮೇಷ್ಟ್ರು ಅಂದ್ರೆ ಹಂಗಿರಬೇಕು ಅಂತ.’

‘ನಾನು ಎದ್ದು ನಿಲ್ಲಲಿಲ್ಲವಲ್ಲ.’

‘ನಿಂತ್ರಿ ಸಾರ್. ಎಲ್ರೂ ನೋಡಿದಾರೆ.’

ಮನೆಗೆ ಬಂದು ಸುಮಾಳನ್ನು ಕೇಳಿದರೆ, ‘ರೀ, ನಾನು ಯಾವತ್ತು ಬಿಳಿ ಬಟ್ಟೇಲಿ ಕಟ್ಟಿದೀನಿ? ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಡ್ತಿದ್ದೆ’ ಎಂದಳು. ‘ಅಥವಾ ಅಕ್ಕನೇ ಕಟ್ಟಿ ಕಳಿಸಿದ್ಲೋ ಏನೋ’ ಎಂದೂ ಸೇರಿಸಿದಳು. ಸಭೆಯಲ್ಲಿದ್ದ ಇನ್ನೊಬ್ಬರನ್ನು ಕೇಳಿದರೆ ಗೊತ್ತಾಗುತ್ತದೆ. ಈವರೆಗೆ ಕೇಳಿಲ್ಲ. ಎದ್ದು ನಿಂತಿದ್ದೆ ಎಂದು ಅವರೂ ಹೇಳಿದರೆ ನನಗೆ ಸಮಾಧಾನವಾಗಬಹುದು, ಆ ಸಮಾಧಾನ ನನಗೆ ಬೇಕಾಗಿದೆ, ಬೇಕಾಗಿರುವುದರಿಂದಲೇ ಅದರ ಮೇಲೆ ಅನುಮಾನ.

ಕೆಲಸ ಕಲಿಸಿದ್ದೇನು ಎಂದರೆ ಇಷ್ಟು ಹೇಳಬಲ್ಲೆ. ನಾನು ಹರಳನ್ನು ಅನುಮಾನಿಸಿದೆ, ಮಳೆಯನ್ನು, ಯಂತ್ರವನ್ನು, ಯಂತ್ರ ನಡೆಸುವವರನ್ನು, ಒಬ್ಬ ಹುಡುಗಿಯ ಕೈಯನ್ನು. ಮಾರ್ಚಿನಲ್ಲಿ ಪೊಟ್ಟಣವಿರಲಿಲ್ಲ, ಜೂನಿನಿಂದ ಇತ್ತು. ಈ ಒಂದು ವ್ಯತ್ಯಾಸ ಯಾವ ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ, ಏಕೆಂದರೆ ಪೊಟ್ಟಣ ಪ್ರಯೋಗದ ಭಾಗವೆಂದು ನಾನು ಎಣಿಸಿರಲಿಲ್ಲ. ಅದು ನನ್ನ ಒಳ್ಳೆಯತನದ ಭಾಗವಾಗಿತ್ತು. ಒಳ್ಳೆಯತನವೆಂದು ನಾವು ಹೆಸರಿಟ್ಟುಕೊಂಡದ್ದನ್ನು ಯಾರೂ ಎರಡನೆಯ ಸಲ ಪರೀಕ್ಷಿಸುವುದಿಲ್ಲ.

ನಿವೃತ್ತಿಗೆ ಮುಂಚೆ ಕೊನೆಯ ಮಾದರಿ ಹಿಡಿದು ಬೆಂಗಳೂರಿಗೆ ಹೋದಾಗ ಗಿರೀಶರ ಕೋಣೆಯ ಮುಂದೆ ಬರಿಗೈಯಲ್ಲಿ ನಿಂತಿದ್ದೆ. ಬಾಗಿಲು ತಟ್ಟಲು ಯಾಕೋ ಕೈ ಏಳಲಿಲ್ಲ. ಪೊಟ್ಟಣ ಹಿಡಿದು ನಿಂತಾಗ ಆಗಿದ್ದಕ್ಕಿಂತ ಹೆಚ್ಚು ನಾಚಿಕೆ. ಕೊನೆಗೆ ಅವರೇ ಬಾಗಿಲು ತೆರೆದು, ನನ್ನ ಎರಡೂ ಕೈಗಳನ್ನು ನೋಡಿ, ‘ಏನ್ ಸಾರ್, ಈ ಸಲ ಏಲಕ್ಕಿ ಇಲ್ವಾ?’ ಎಂದರು.

ತಮಾಷೆಗೆ ಕೇಳಿದರೆಂದೇ ಇವತ್ತಿಗೂ ಅಂದುಕೊಂಡಿದ್ದೇನೆ.